ಹುಡುಗರ ಸ್ಕೌಟ್ ದಳಕ್ಕೆ ಏಳು ಹುಡುಗಿಯರು ಬಂದಾಗ

ಪ್ರಶ್ನೆ: ನಾನು 11ರಿಂದ 14 ವರ್ಷದ ಹುಡುಗರ ಸ್ಕೌಟ್ ದಳವೊಂದನ್ನು ಆರು ವರ್ಷದಿಂದ ನಡೆಸುತ್ತಿದ್ದೇನೆ. ಈಗ 25 ಹುಡುಗರಿದ್ದಾರೆ, ನಾಲ್ಕು ಪ್ಯಾಟ್ರೋಲ್ (ದಳದೊಳಗಿನ ಸಣ್ಣ ತಂಡ). ನಮ್ಮ ಸಂಸ್ಥೆ ಈ ವರ್ಷದಿಂದ ಹುಡುಗಿಯರಿಗೂ ಬಾಗಿಲು ತೆರೆದಿದೆ. ಏಳು ಹುಡುಗಿಯರು ಹೆಸರು ಕೊಟ್ಟಿದ್ದಾರೆ. ಪಾಲಕರಲ್ಲಿ ಎರಡು ಪಂಗಡ ಆಗಿಬಿಟ್ಟಿದೆ. ಹುಡುಗರಿಗೆ ಅವರದ್ದೇ ಒಂದು ಜಾಗ ಬೇಡವೇ ಎಂದು ಕೆಲವರು ಕೇಳುತ್ತಾರೆ. ಕೆಲವರಿಗೆ ಕ್ಯಾಂಪಿನ ರಾತ್ರಿಗಳದ್ದೇ ಭಯ. ಹುಡುಗಿಯರನ್ನು ಎಲ್ಲ ಪ್ಯಾಟ್ರೋಲ್‌ಗೂ ಹಂಚಬೇಕಾ, ಬೇರೆ ಪ್ಯಾಟ್ರೋಲ್ ಮಾಡಬೇಕಾ? ಪರೀಕ್ಷೆ, ಬ್ಯಾಡ್ಜ್‌ಗಳಲ್ಲಿ ಸಡಿಲ ಕೊಡಬೇಕಾ? ಇನ್ನೊಂದು ಸಣ್ಣ ವಿಷಯ. ನಮ್ಮ ದಳದ ಹಾಡಿನಲ್ಲಿ 'ಹುಡುಗರು ನಾವು' ಎಂಬ ಸಾಲಿದೆ. ಅದನ್ನೇನು ಮಾಡಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸೇರಿಸಿಕೊಳ್ಳಿ. ಆದರೆ ಏಳು ಜನರನ್ನು ನಾಲ್ಕು ಪ್ಯಾಟ್ರೋಲ್‌ಗೆ ಒಬ್ಬಿಬ್ಬರಂತೆ ಚದುರಿಸಬೇಡಿ. ಬ್ಯಾಡ್ಜ್ ಸಡಿಲ ಮಾಡಬೇಡಿ. ಮಲಗುವ ಟೆಂಟ್ ಬೇರೆ ಇರಲಿ, ಮಾಡುವ ಕೆಲಸ ಒಂದೇ ಇರಲಿ. ಅವಸರ ಇದ್ದವರಿಗೆ ಇಷ್ಟು ಸಾಕು. ಆದರೆ ನೀವು ಕೇಳದೇ ಬಿಟ್ಟ ಒಂದು ಪ್ರಶ್ನೆಯಿದೆ, ನನಗೆ ಅದೇ ಹೆಚ್ಚು ಮುಖ್ಯ. ಹುಡುಗಿಯರು ಬಂದ ಮೇಲೆ ಕೊಡಲಿ ಯಾರ ಕೈಯಲ್ಲಿ, ಸೌಟು ಯಾರ ಕೈಯಲ್ಲಿ?

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಬಹಳ ವರ್ಷಗಳ ಹಿಂದೆ ಮೊದಲ ಬಾರಿಗೆ ಮಿಶ್ರ ದಳದ ಐದು ದಿನದ ಕ್ಯಾಂಪ್ ನಡೆಸಿದೆ. ಆರು ಪ್ಯಾಟ್ರೋಲ್, ಎಲ್ಲದರಲ್ಲೂ ಹುಡುಗ ಹುಡುಗಿಯರು ಸಮಸಮ. ಕೆಲಸ ಹಂಚಿಕೊಳ್ಳುವುದನ್ನು ಮಕ್ಕಳಿಗೇ ಬಿಟ್ಟೆ. ಸ್ವಾತಂತ್ರ್ಯ ಕೊಟ್ಟೆ ಎಂಬ ಹೆಮ್ಮೆ ಬೇರೆ! ಜಗಳವಿಲ್ಲ, ಗಲಾಟೆಯಿಲ್ಲ, ಎಲ್ಲ ಸುಸೂತ್ರ. ಮನೆಗೆ ಬಂದು ಪ್ಯಾಟ್ರೋಲ್‌ಗಳ ಲಾಗ್ ಬುಕ್ (ಕ್ಯಾಂಪಿನ ದಿನಚರಿ) ತೆಗೆದು ಓದಲು ಕೂತೆ. ಆರು ಪುಸ್ತಕದಲ್ಲೂ ಹುಡುಗಿಯರದ್ದೇ ಕೈಬರಹ. ಆಮೇಲೆ ಫೋಟೋ ನೋಡಿದೆ. ಹಗ್ಗದ ಸೇತುವೆ ಕಟ್ಟುವ ಫೋಟೋಗಳಲ್ಲಿ ಹುಡುಗರು, ಒಲೆ ಮುಂದೆ ಹುಡುಗಿಯರು. ಹೀಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಕಂಡದ್ದನ್ನೇ ಮಕ್ಕಳು ಕಾಡಿಗೂ ಹೊತ್ತು ತಂದಿದ್ದರು. ನಾನು ಅದನ್ನು ಸ್ವಾತಂತ್ರ್ಯ ಅಂದುಕೊಂಡಿದ್ದೆ.

ಒಂದೇ ಮೈದಾನದಲ್ಲಿ ನಿಲ್ಲಿಸಿದ ಮಾತ್ರಕ್ಕೆ ಸಹಶಿಕ್ಷಣ ಆಗುವುದಿಲ್ಲ ಎಂದು ಅವತ್ತು ಗೊತ್ತಾಯಿತು. ನಾನು ಮುಂದೆ ಹೇಳುವುದೆಲ್ಲ ಆ ಆರು ಲಾಗ್ ಬುಕ್ಕಿನಿಂದ ಹುಟ್ಟಿದ್ದು.

ಪಾಲಕರ ಮಾತಿಗೆ ಬರೋಣ. 'ಇದು ಹುಡುಗರಿಗಾಗಿ ಮಾಡಿದ ಚಳವಳಿ, ಹುಡುಗಿಯರು ಈಗ ಯಾಕೆ?' ಎಂದು ಯಾರಾದರೂ ಕೇಳಿದರೆ ಅವರಿಗೆ ಒಂದು ಕತೆ ಹೇಳಿ. 1907ರ ಆಗಸ್ಟ್‌ನಲ್ಲಿ ಸ್ಕೌಟ್ ಚಳವಳಿ ಹುಟ್ಟುಹಾಕಿದ ರಾಬರ್ಟ್ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಪ್ರಯೋಗದ ಕ್ಯಾಂಪ್ ನಡೆಸಿದರು. ಸುಮಾರು ಇಪ್ಪತ್ತು ಹುಡುಗರು, ನಾಲ್ಕು ಪ್ಯಾಟ್ರೋಲ್. ನಿಮ್ಮ ದಳದ ಹಾಗೇ, ಅಲ್ವಾ? ಗೂಳಿ, ತೋಳ, ಕರ್ಲ್ಯೂ ಹಕ್ಕಿ, ಕಾಡುಕಾಗೆ ಎಂದು ಹೆಸರು. ಅರ್ಧದಷ್ಟು ಹುಡುಗರು ದೊಡ್ಡ ಶ್ರೀಮಂತ ಶಾಲೆಗಳಿಂದ ಬಂದವರು. ಉಳಿದವರು ಹತ್ತಿರದ ಊರುಗಳ ಸಾಮಾನ್ಯ ಮನೆಯ ಹುಡುಗರು. ಆ ಕಾಲದ ಇಂಗ್ಲೆಂಡಿನಲ್ಲಿ ಇವರಿಬ್ಬರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುವುದು ಸಣ್ಣ ಮಾತಲ್ಲ. ಆ ಪ್ರಯೋಗದ ಕ್ಯಾಂಪಿನಲ್ಲಿ ಪ್ಯಾಟ್ರೋಲ್ ಪದ್ಧತಿಯನ್ನು ಮಾಡಿ ನೋಡಿದ್ದೇ ಬೇರೆ ಬೇರೆ ಮಕ್ಕಳನ್ನು ಬೆರೆಸಿ. ಅವತ್ತು ಗೋಡೆ ಹಣದ್ದು. ಇವತ್ತು ನಿಮ್ಮ ಮುಂದಿರುವ ಗೋಡೆ ಬೇರೆ, ಅಷ್ಟೇ.

ಹುಡುಗಿಯರು ಬರಲು ಸುಮಾರು ಎರಡೇ ವರ್ಷ ಸಾಕಾಯಿತು ಎನ್ನಬಹುದು. 1909ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಮೇಳ ನಡೆಯಿತು. ಸುಮಾರು 11,000 ಹುಡುಗರು ಸೇರಿದ್ದರು. ಅವರ ನಡುವೆ ಒಂದಿಷ್ಟು ಹುಡುಗಿಯರು ತಾವೇ ಹೊಂದಿಸಿಕೊಂಡ ಸಮವಸ್ತ್ರ ಹಾಕಿಕೊಂಡು ಬಂದು ನಿಂತರು. ಯಾರೂ ಕರೆದಿರಲಿಲ್ಲ. ನಾವೂ ಸ್ಕೌಟ್‌ಗಳೇ ಎಂದರು. ಬೇಡನ್ ಪೊವೆಲ್‌ಗೆ ಇವರನ್ನು ಕಳಿಸಲೂ ಆಗಲಿಲ್ಲ, ಸೇರಿಸಿಕೊಳ್ಳಲೂ ಧೈರ್ಯ ಬರಲಿಲ್ಲ. ಹೆಣ್ಣುಮಕ್ಕಳು ಗಂಡುಬೀರಿಗಳಾಗುತ್ತಾರೆ ಎಂದು ಜನ ಆಡಿಕೊಳ್ಳುತ್ತಿದ್ದ ಕಾಲ ಅದು. 1910ರಲ್ಲಿ 'ಗರ್ಲ್ ಗೈಡ್ಸ್' ಎಂಬ ಬೇರೆ ಸಂಸ್ಥೆ ಮಾಡಿ ತಂಗಿ ಆ್ಯಗ್ನೆಸ್ ಕೈಗೆ ಕೊಟ್ಟರು. ಎರಡು ವರ್ಷದ ನಂತರ ಅಮೆರಿಕದಲ್ಲಿ ಜೂಲಿಯೆಟ್ ಗಾರ್ಡನ್ ಲೋ 18 ಹುಡುಗಿಯರೊಂದಿಗೆ ಇದನ್ನೇ ಶುರು ಮಾಡಿದರು.

ಇಲ್ಲೊಂದು ಮಾತು ಗಮನಿಸಿ. ಬೇರೆ ಸಂಸ್ಥೆ ಮಾಡಿದ್ದನ್ನು ಸುಮ್ನೆ ಹಳೆಯ ಕಾಲದ ಅಂಜಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಂಜಿಕೆ ಇತ್ತು, ನಿಜ. ಆದರೆ ಆ ಸಂಸ್ಥೆಗಳಲ್ಲಿ ಹುಡುಗಿಯರೇ ಪ್ಯಾಟ್ರೋಲ್ ಲೀಡರ್, ಸಾಮಾನು ಸರಂಜಾಮು ನೋಡಿಕೊಳ್ಳುವ ಕ್ವಾರ್ಟರ್‌ಮಾಸ್ಟರ್ ಕೂಡ ಹುಡುಗಿಯರೇ. ಕೊಡಲಿಯೂ ಅವರದ್ದೇ, ನಕ್ಷೆಯೂ ಅವರದ್ದೇ. ಹೆಂಗಸರು ದೊಡ್ಡ ದೊಡ್ಡ ಸಂಸ್ಥೆಗಳನ್ನು ತಾವೇ ಕಟ್ಟಿ ನಡೆಸಿದರು. 1928ರಲ್ಲಿ ಹಂಗೇರಿಯ ಪರಾದ್ ಎಂಬಲ್ಲಿ ಸೇರಿ ವಿಶ್ವ ಸಂಘವನ್ನೇ ಕಟ್ಟಿದರು. ನನ್ನ ಆ ಮಿಶ್ರ ಕ್ಯಾಂಪಿನ ಹುಡುಗಿಯರಿಗಿಂತ 1920ರ ಗೈಡ್ ಹುಡುಗಿ ಜಾಸ್ತಿ ಗಂಟು ಹಾಕಿರುತ್ತಾಳೆ. ಈ ಮಾತು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಸತ್ಯ.

ಇನ್ನು ಹುಡುಗರ ದಳ ಪೂರ್ತಿ ಗಂಡಸರ ಜಾಗವಾಗಿ ಇದ್ದದ್ದು ಯಾವತ್ತು? ಚಿಕ್ಕ ಮಕ್ಕಳ ವುಲ್ಫ್ ಕಬ್ ವಿಭಾಗ 1916ರಲ್ಲಿ ಹುಟ್ಟಿತು. ಮಹಾಯುದ್ಧಕ್ಕೆ ಗಂಡಸರು ಹೋಗಿದ್ದರು. ಕಬ್‌ಗಳನ್ನು ಕಟ್ಟಿ ಬೆಳೆಸಿದ್ದರಲ್ಲಿ ವೆರಾ ಬಾರ್ಕ್ಲೆಯಂಥ ಹೆಂಗಸರ ಪಾಲು ದೊಡ್ಡದು. ಹುಡುಗರ ಮುಂದೆ ಹೆಂಗಸು ನಾಯಕಿಯಾಗಿ ನಿಂತು ನೂರು ವರ್ಷ ದಾಟಿದೆ. ಪಕ್ಕದಲ್ಲಿ ಹುಡುಗಿ ನಿಂತರೆ ಮಾತ್ರ ಏನೋ ಆಗಿಬಿಡುತ್ತದೆ ಎಂಬುದು ವಿಚಿತ್ರ.

ಆಮೇಲಿನ ಕಾಲದಲ್ಲಿ ಎರಡು ದಾರಿ ಕಾಣಿಸಿದವು. ಒಂದು ದಾರಿಯಲ್ಲಿ ಹುಡುಗರ ಸಂಸ್ಥೆಯೂ ಹುಡುಗಿಯರ ಸಂಸ್ಥೆಯೂ ಒಂದಾದವು. ಸ್ವೀಡನ್ನಿನಲ್ಲಿ 1960, ನೆದರ್‌ಲೆಂಡ್ಸ್ ಮತ್ತು ಡೆನ್ಮಾರ್ಕಿನಲ್ಲಿ 1973, ನಾರ್ವೆಯಲ್ಲಿ 1978. ಇಟಲಿಯ ಕ್ಯಾಥೊಲಿಕ್ ಸ್ಕೌಟ್ ಗೈಡ್ ಸಂಸ್ಥೆಗಳು 1974ರಲ್ಲಿ ಒಂದಾಗಿ ಆಜೆಶಿ ಎಂಬ ಸಂಸ್ಥೆ ಹುಟ್ಟಿತು. ಅಲ್ಲಿ ಒಂದು ಪದ್ಧತಿ ನನಗೆ ಬಹಳ ಇಷ್ಟ: ಹೊಣೆಯ ಜಾಗದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರೂ ಸಮಾನರು. ಒಬ್ಬರು ನಾಯಕ, ಇನ್ನೊಬ್ಬರು ಸಹಾಯಕ ಎಂದಲ್ಲ.

ಇನ್ನೊಂದು ದಾರಿಯಲ್ಲಿ ಹುಡುಗರ ಸಂಸ್ಥೆ ತನ್ನ ಬಾಗಿಲನ್ನು ನಿಧಾನಕ್ಕೆ ತೆರೆಯಿತು. ಬ್ರಿಟನ್ನಿನಲ್ಲಿ 1976ರಲ್ಲಿ ದೊಡ್ಡ ವಯಸ್ಸಿನ ವೆಂಚರ್ ವಿಭಾಗಕ್ಕೆ ಹುಡುಗಿಯರು ಬಂದರು. 1991ರಲ್ಲಿ ಎಲ್ಲ ವಯಸ್ಸಿಗೂ ಬಾಗಿಲು ತೆರೆಯಿತು, ಆದರೆ ಬೇಕಾದ ಗುಂಪುಗಳು ಮಾತ್ರ ಸೇರಿಸಿಕೊಳ್ಳಬಹುದಿತ್ತು. 2007ರಿಂದ ಅದು ಎಲ್ಲ ಗುಂಪುಗಳಿಗೂ ನಿಯಮವಾಯಿತು. ಅಂದರೆ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಗೆ 31 ವರ್ಷ. ಅಮೆರಿಕದಲ್ಲಿ 11 ದಾಟಿದವರ ವಿಭಾಗಕ್ಕೆ ಹುಡುಗಿಯರು ಬಂದದ್ದು 2019ರ ಫೆಬ್ರವರಿಯಲ್ಲಿ, ಅದೂ ಹುಡುಗಿಯರದ್ದೇ ಬೇರೆ ದಳಗಳಾಗಿ. ಸಂಸ್ಥೆಯ ಹೆಸರಿನಲ್ಲಿದ್ದ 'ಬಾಯ್' ಎಂಬ ಪದ ಹೋಗಿ 'ಸ್ಕೌಟಿಂಗ್ ಅಮೆರಿಕ' ಆದದ್ದು 2025ರಲ್ಲಿ. ಇವೆರಡರ ನಡುವಿನ ಸ್ವರೂಪವೂ ಉಂಟು. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ 1951ರಿಂದ ಸಂಸ್ಥೆ ಒಂದೇ, ಸ್ಕೌಟ್ ದಳ ಮತ್ತು ಗೈಡ್ ದಳ ಬೇರೆ ಬೇರೆ.

ನಿಮ್ಮದು ಎರಡನೇ ದಾರಿ. ಅದರ ತೊಂದರೆ ಏನೆಂದರೆ, ಮನೆ ಕಟ್ಟಿ ಮುಗಿಸಿ ಆಮೇಲೆ ಒಳಗೆ ಕರೆದಂತೆ. ಆಟ, ಹಾಡು, ಶಬ್ದ, ತಮಾಷೆ ಎಲ್ಲ ಹುಡುಗರದ್ದು. ಬಂದವರು ಹೊಂದಿಕೊಳ್ಳಬೇಕು. ಹೀಗಾಗಿ ಹುಡುಗಿಯರನ್ನು ಅತಿಥಿಗಳಂತೆ ನೋಡುವ ಅಪಾಯ ಜಾಸ್ತಿ. ಅತಿಥಿಗೆ ಕುರ್ಚಿ ಕೊಡುತ್ತೇವೆ, ಕೀಲಿಕೈ ಕೊಡುವುದಿಲ್ಲ.

ಸಹಶಿಕ್ಷಣ ಒಳ್ಳೆಯದು ಎಂದು ಸಂಶೋಧನೆ ಹೇಳುತ್ತದೆಯೇ ಎಂದು ಪಾಲಕರು ಕೇಳಿಯೇ ಕೇಳುತ್ತಾರೆ. ಪ್ರಾಮಾಣಿಕವಾಗಿ ಉತ್ತರಿಸಿ. ಶಾಲೆಗಳ ಬಗ್ಗೆ 2014ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು 21 ದೇಶಗಳ 184 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಸರಿಯಾಗಿ ಹೋಲಿಸಿದ ಅಧ್ಯಯನಗಳಲ್ಲಿ ಹುಡುಗರನ್ನೂ ಹುಡುಗಿಯರನ್ನೂ ಬೇರೆ ಮಾಡಿ ಕಲಿಸಿದ್ದಕ್ಕೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಸ್ಕೌಟಿಂಗ್ ಶಾಲೆಯಲ್ಲ. ಆದ್ದರಿಂದ ಇದನ್ನು ಎರಡೂ ಕಡೆಯವರು ಬಡಿಗೆಯಂತೆ ಬೀಸಬಾರದು. ಬೇರೆ ಇಟ್ಟರೆ ಮಕ್ಕಳು ಹಾಳಾಗುವುದಿಲ್ಲ, ಸೇರಿಸಿದರೆ ತನ್ನಷ್ಟಕ್ಕೆ ಉದ್ಧಾರವೂ ಆಗುವುದಿಲ್ಲ. ಎಲ್ಲ ನಿಂತಿರುವುದು ನೀವು ಹೇಗೆ ನಡೆಸುತ್ತೀರಿ ಎಂಬುದರ ಮೇಲೆ.

ನನಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಹಳೆಯ ಪ್ರಯೋಗ. 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮುಜಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 22 ಹುಡುಗರನ್ನು ಬೇಸಿಗೆ ಕ್ಯಾಂಪಿಗೆ ಕರೆದೊಯ್ದರು. ಎಲ್ಲರಿಗೂ ಸುಮಾರು ಹನ್ನೊಂದು ವರ್ಷ. ಎರಡು ಗುಂಪು ಮಾಡಿ, ಬಹುಮಾನ ಇಟ್ಟು, ಪೈಪೋಟಿಗೆ ಬಿಟ್ಟರು. ಕೆಲವೇ ದಿನದಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ಕೋಣೆಗಳ ಮೇಲೆ ದಾಳಿ ಮಾಡಿದರು. ಒಟ್ಟಿಗೆ ಕೂರಿಸಿ ಊಟ ಹಾಕಿದರೂ ಪ್ರಯೋಜನವಾಗಲಿಲ್ಲ, ತಟ್ಟೆಯ ಊಟವನ್ನೇ ಎಸೆದಾಡಿದರು. ಆಮೇಲೆ ಕ್ಯಾಂಪಿಗೆ ನೀರು ನಿಲ್ಲುವಂತೆ ಮಾಡಿದರು. ಊಟ ತರುವ ಟ್ರಕ್ ನಿಂತುಹೋಗುವಂತೆ ಮಾಡಿದರು. ಹಗ್ಗ ಜಗ್ಗಾಟದಲ್ಲಿ ಎದುರೆದುರು ನಿಂತು ಎಳೆದಿದ್ದ ಅದೇ ಹಗ್ಗವನ್ನು ಟ್ರಕ್ಕಿಗೆ ಕಟ್ಟಿ ಎಲ್ಲರೂ ಒಂದೇ ಕಡೆಗೆ ಎಳೆದರು. ಇಂಥ ಕೆಲಸಗಳು ಒಂದರ ಹಿಂದೆ ಒಂದು ಬಂದಂತೆ ಜಗಳ ಕರಗಿತು. ಈ ಪ್ರಯೋಗದ ಮೇಲೆ ಆಮೇಲೆ ಟೀಕೆಯೂ ಬಂತು, ಕಿಚ್ಚು ಹಚ್ಚಿದವರು ಮಕ್ಕಳಲ್ಲ, ದೊಡ್ಡವರೇ ಎಂದು. ನನ್ನ ಮಟ್ಟಿಗೆ ಆ ಟೀಕೆಯೂ ಒಂದು ಪಾಠವೇ.

ಇದನ್ನು ನಿಮ್ಮ ದಳಕ್ಕೆ ತನ್ನಿ. 'ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ' ಎಂದು ಆಟ ಆಡಿಸಬೇಡಿ. ಎಂದೆಂದಿಗೂ ಬೇಡ. ಆಟ ಆಡಿಸುವವರಿಗೆ ಇದಕ್ಕಿಂತ ಸುಲಭದ ವಿಂಗಡಣೆ ಇಲ್ಲ, ಹಾಗಾಗಿಯೇ ಎಲ್ಲರೂ ಇದನ್ನೇ ಮಾಡುತ್ತಾರೆ. ಪೈಪೋಟಿ ಪ್ಯಾಟ್ರೋಲ್‌ಗಳ ನಡುವೆ ಇರಲಿ. ತೋಳ ಗೆದ್ದಿತು, ಗೂಳಿ ಸೋತಿತು ಎಂದಾಗಲಿ. ಹುಡುಗರು ಗೆದ್ದರು ಎಂಬ ವಾಕ್ಯ ನಿಮ್ಮ ದಳದಲ್ಲಿ ಹುಟ್ಟಲೇಬಾರದು.

ಈಗ ಏಳು ಜನರ ಲೆಕ್ಕ. ನಾಲ್ಕು ಪ್ಯಾಟ್ರೋಲ್‌ಗೆ ಹಂಚಿದರೆ ಎರಡು, ಎರಡು, ಎರಡು, ಒಂದು. ಆ ಒಬ್ಬಳ ಗತಿ ಯೋಚಿಸಿ. ಅವಳು ಗಂಟು ತಪ್ಪಿದರೆ ಅವಳೊಬ್ಬಳು ತಪ್ಪಿದಳು ಎನ್ನುವುದಿಲ್ಲ, ಹುಡುಗಿಯರಿಗೆ ಬರುವುದಿಲ್ಲ ಎನ್ನುತ್ತಾರೆ. ಹನ್ನೊಂದರ ಮಗು ಅಷ್ಟು ಭಾರ ಹೊರಬಾರದು. ಇಬ್ಬರಿದ್ದರೂ ಒಬ್ಬಳು ಜ್ವರ ಬಂದು ಮನೆಯಲ್ಲಿ ಉಳಿದ ದಿನ ಇನ್ನೊಬ್ಬಳು ಒಂಟಿ.

ಹಾಗಿದ್ದರೆ ಏಳೂ ಜನರದ್ದು ಒಂದೇ ಪ್ಯಾಟ್ರೋಲ್ ಮಾಡಿದರೆ? ಕೇಳಲು ಚೆನ್ನಾಗಿದೆ. ಬೇಡನ್ ಪೊವೆಲ್ ಹೇಳಿದ ಆರರಿಂದ ಎಂಟರ ಅಳತೆಗೂ ಸರಿಹೊಂದುತ್ತದೆ. ಆದರೆ ನಿಮ್ಮ ಏಳೂ ಜನ ಹೊಸಬರು. ಎರಡು ಮೂರು ವರ್ಷ ಪಳಗಿದ ಹುಡುಗರ ಪ್ಯಾಟ್ರೋಲ್‌ಗಳ ಎದುರು ಹೊಸಬರ ಪ್ಯಾಟ್ರೋಲ್ ಎಲ್ಲದರಲ್ಲೂ ಸೋಲುತ್ತದೆ. ಸೋತದ್ದು ಹೊಸಬರಾದ್ದರಿಂದ. ನೋಡುವವರಿಗೆ ಕಾಣುವುದು ಮಾತ್ರ ಹುಡುಗಿಯರಾದ್ದರಿಂದ ಸೋತರು ಎಂದು. ಆ ತಪ್ಪು ತೀರ್ಮಾನ ಒಮ್ಮೆ ಕೂತರೆ ಎಬ್ಬಿಸುವುದು ಕಷ್ಟ.

ನಾನಾಗಿದ್ದರೆ ದಳವನ್ನು ಐದು ಪ್ಯಾಟ್ರೋಲ್ ಮಾಡುತ್ತಿದ್ದೆ. ಒಟ್ಟು 32 ಮಕ್ಕಳು, ಆರೋ ಏಳೋ ಜನರಂತೆ. ಎರಡು ಪ್ಯಾಟ್ರೋಲ್‌ಗಳಲ್ಲಿ ಹುಡುಗಿಯರು, ಒಂದರಲ್ಲಿ ನಾಲ್ಕು, ಒಂದರಲ್ಲಿ ಮೂರು. ಉಳಿದ ಮೂರು ಈಗಿನಂತೆ ಹುಡುಗರದ್ದೇ. ಮುಂದಿನ ವರ್ಷ ಇನ್ನಷ್ಟು ಹುಡುಗಿಯರು ಬಂದಾಗ ಆ ಮೂರನ್ನೂ ಬದಲಿಸಬಹುದು. ಹೀಗೆ ಮಾಡಿದರೆ ಪಾಲಕರ 'ಹುಡುಗರಿಗೆ ಅವರದ್ದೇ ಜಾಗ' ಎಂಬ ಮಾತಿಗೂ ಸ್ವಲ್ಪ ದಿನ ಉಸಿರಾಡಲು ಜಾಗ ಸಿಗುತ್ತದೆ. ಮುಖ್ಯವಾಗಿ, ಆ ಏಳು ಹುಡುಗಿಯರನ್ನೇ ಮೊದಲು ಕೇಳಿ. ಯಾರ ಜೊತೆ ಇರಬೇಕು ಎಂದು ಅವರಿಗೆ ಖಚಿತವಾಗಿ ಗೊತ್ತಿರುತ್ತದೆ. ದೊಡ್ಡವರು ಚಾರ್ಟ್ ಬರೆದು ಮುಗಿಸಿದ ಮೇಲೆ ಕೇಳುವುದು ಕೇಳಿದಂತಲ್ಲ.

ಮಿಶ್ರ ಪ್ಯಾಟ್ರೋಲ್‌ಗೂ ಒಂದು ಬಲೆ ಉಂಟು. ಅಲ್ಲಿ ಬಲ್ಲವರೆಲ್ಲ ಹುಡುಗರು, ಕಲಿಯುವವರೆಲ್ಲ ಹುಡುಗಿಯರು. ಆರು ತಿಂಗಳು ಹೀಗೇ ಬಿಟ್ಟರೆ ಅದೇ ಗಟ್ಟಿಯಾಗುತ್ತದೆ. ಇದಕ್ಕೆ ನನ್ನ ಮದ್ದು: ಮೊದಲ ತಿಂಗಳಲ್ಲೇ ಆ ಹುಡುಗಿಯರಿಗೆ ದಳದಲ್ಲಿ ಯಾರಿಗೂ ಬರದ ಒಂದು ವಿದ್ಯೆ ಕಲಿಸಿ. ಸೆಮಾಫೋರ್ (ಬಾವುಟದ ಸನ್ನೆ) ಆಗಲಿ, ನಕ್ಷತ್ರ ನೋಡಿ ದಿಕ್ಕು ಹಿಡಿಯುವುದಾಗಲಿ, ಹೊಸ ಬಗೆಯ ಲ್ಯಾಶಿಂಗ್ (ಕೋಲುಗಳನ್ನು ಹಗ್ಗದಿಂದ ಬಿಗಿಯುವುದು) ಆಗಲಿ. ಆಮೇಲೆ ಅವರು ಹುಡುಗರಿಗೆ ಕಲಿಸಲಿ. ಒಬ್ಬಳು ಹೊಸಬಳು ಮೂರು ವರ್ಷದ ಹಳೆ ಪ್ಯಾಟ್ರೋಲ್ ಲೀಡರ್‌ನ ಕೈಹಿಡಿದು ಬೆರಳು ತಿದ್ದುವುದನ್ನು ನೋಡಿದ್ದೇನೆ. ಆ ಹುಡುಗನ ಮುಖ ಕೆಂಪಾಗಿತ್ತು. ಅರ್ಧ ಗಂಟೆಯ ನಂತರ ಅವನೇ ಬಂದು ಇನ್ನೊಂದು ಸಲ ತೋರಿಸು ಎಂದ.

(ಪ್ಯಾಟ್ರೋಲ್ ಎಂದು ಒತ್ತಿ ಬರೆಯುತ್ತಿದ್ದೇನೆ. ಮಕ್ಕಳೆಲ್ಲ 'ಪೆಟ್ರೋಲ್ ಲೀಡರ್' ಎನ್ನುತ್ತಾರೆ. ಗಾಡಿಗೆ ಹಾಕುವ ಪೆಟ್ರೋಲಿಗೂ ಒಬ್ಬ ಲೀಡರ್ ಇರಬಹುದೇನೋ ಎಂದು ನಾನು ಚಿಕ್ಕವನಿದ್ದಾಗ ನಂಬಿದ್ದೆ.)

ಇನ್ನು ಲಾಗ್ ಬುಕ್ಕಿನ ಪಾಠ. ಕೆಲಸಗಳ ಪಟ್ಟಿ ಮಾಡಿ, ಸರದಿ ಹಾಕಿ. ಅಡುಗೆ, ಸೌದೆ, ನೀರು, ಟೆಂಟ್, ಲಾಗ್ ಬುಕ್, ನಕ್ಷೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಪಾತ್ರೆ ತೊಳೆಯುವುದು. ಪ್ರತಿದಿನ ಬದಲಾಗಲಿ. 'ನನಗೆ ಬರೆಯಲು ಇಷ್ಟ' ಎಂದು ಹುಡುಗಿ ಹೇಳಬಹುದು. ಅವಳ ಸರದಿ ಬಂದಾಗ ಚೆನ್ನಾಗಿ ಬರೆಯಲಿ. 'ನನಗೆ ಅಡುಗೆ ಬರುವುದಿಲ್ಲ' ಎಂದು ಹುಡುಗ ಹೇಳಬಹುದು. ಬರುವುದಿಲ್ಲ ಎಂದೇ ಅವನಿಗೆ ಸರದಿ ಕೊಡಬೇಕಾದದ್ದು. ಸರದಿ ಎಂದರೆ ಮಕ್ಕಳ ಸ್ವಾತಂತ್ರ್ಯ ಕಿತ್ತುಕೊಂಡಂತೆ ಎಂದು ಕೆಲವು ನಾಯಕರು ವಾದಿಸುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೇ ವಾದಿಸಿದವನೇ. ಎಲ್ಲವನ್ನೂ ಒಮ್ಮೆ ಮಾಡಿ ನೋಡದ ಮಗುವಿಗೆ ಯಾವುದು ಇಷ್ಟ ಎಂದು ಹೇಗೆ ಗೊತ್ತಾಗಬೇಕು? ನೀವು ಮಾಡಬೇಕಾದ್ದು ಇನ್ನೊಂದಿದೆ: ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡು, ದಿನಕ್ಕೆ ಮೂರು ಸಲ, ಯಾರ ಕೈಯಲ್ಲಿ ಏನಿದೆ ಎಂದು ಗುರುತು ಹಾಕಿಕೊಳ್ಳಿ. ನೆನಪನ್ನು ನಂಬಬೇಡಿ. ಎಲ್ಲ ಸಮವಾಗಿತ್ತು ಎಂದೇ ನೆನಪು ಹೇಳುತ್ತದೆ.

ಬ್ಯಾಡ್ಜ್ ಸಡಿಲ ಮಾಡುವ ಮಾತು. ಬೇಡ. ಸಡಿಲ ಮಾಡಿದ ಬ್ಯಾಡ್ಜನ್ನು ಹಾಕಿಕೊಂಡ ಹುಡುಗಿಗೇ ಅದು ಮೊದಲು ಚುಚ್ಚುತ್ತದೆ. ಅಮೆರಿಕದಲ್ಲಿ ಅತ್ಯುನ್ನತ ಈಗಲ್ ಪದವಿಗೆ 21 ಮೆರಿಟ್ ಬ್ಯಾಡ್ಜ್ ಬೇಕು. ಹುಡುಗಿಯರಿಗೆ ಅದರಲ್ಲಿ ಒಂದೂ ಕಡಿಮೆ ಮಾಡಲಿಲ್ಲ. 2021ರಲ್ಲಿ ಮೊದಲ ತಂಡವಾಗಿ ಸಾವಿರದ ಹತ್ತಿರ ಹುಡುಗಿಯರು ಆ ಪದವಿ ಪಡೆದರು. ನಿಮ್ಮ ವಯಸ್ಸಿನ ಗುಂಪಿನಲ್ಲಂತೂ ದೈಹಿಕ ಶಕ್ತಿಯ ಲೆಕ್ಕ ಜನ ಅಂದುಕೊಂಡಂತಿಲ್ಲ. ಹುಡುಗಿಯರು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಎತ್ತರ ಬೆಳೆಯುತ್ತಾರೆ. ಹನ್ನೆರಡರ ಹುಡುಗಿ ಪಕ್ಕದ ಹುಡುಗನಿಗಿಂತ ಎತ್ತರವಾಗಿ, ಗಟ್ಟಿಯಾಗಿ ಇರುವುದು ಮಾಮೂಲು. ಚಾರಣದಲ್ಲಿ ಬೆನ್ನ ಮೇಲಿನ ಚೀಲದ ತೂಕವನ್ನು ಮಗುವಿನ ತೂಕ ನೋಡಿ ಲೆಕ್ಕ ಹಾಕಿ. ಐದನೇ ಒಂದು ಭಾಗ ದಾಟದಂತೆ ನಾನು ನೋಡಿಕೊಳ್ಳುತ್ತೇನೆ. ಸಣಕಲ ಹುಡುಗನ ಚೀಲ ಹಗುರವಾಗಲಿ, ಗಟ್ಟಿ ಹುಡುಗಿಯದು ಭಾರವಾಗಲಿ. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಒಪ್ಪಿಕೊಳ್ಳುತ್ತಾರೆ.

ಕ್ಯಾಂಪಿನ ರಾತ್ರಿ. ಪಾಲಕರ ಭಯಕ್ಕೆ ನಗಬೇಡಿ, ಉಪದೇಶವನ್ನೂ ಮಾಡಬೇಡಿ. ವ್ಯವಸ್ಥೆ ಬರೆದು ಮುಂಚೆಯೇ ಅವರ ಕೈಗೆ ಕೊಡಿ. ಮಲಗುವ ಟೆಂಟ್ ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ, ದೊಡ್ಡವರಿಗೆ ಬೇರೆ. ಹಗಲು ಪ್ಯಾಟ್ರೋಲ್ ಒಂದು ಜಾಗದಲ್ಲಿ ಅಡುಗೆ ಮಾಡಿ ಉಂಡು ಕೂರಲಿ, ರಾತ್ರಿ ಬೇರೆ ಟೆಂಟಿಗೆ ಹೋಗಲಿ. ಸ್ನಾನ, ಶೌಚಾಲಯ, ಬಟ್ಟೆ ಬದಲಿಸುವ ಜಾಗ ಬೇರೆ ಮತ್ತು ಬೀಗ ಇರುವಂಥದ್ದು. ಹುಡುಗಿಯರಿರುವ ಕ್ಯಾಂಪಿನಲ್ಲಿ ತರಬೇತಿಯಾದ ಹೆಂಗಸೊಬ್ಬರು ರಾತ್ರಿಯೂ ಇರಲೇಬೇಕು. ಇಲ್ಲದಿದ್ದರೆ ಕ್ಯಾಂಪ್ ಮುಂದೂಡಿ. ಯಾವ ದೊಡ್ಡವರೂ ಯಾವ ಮಗುವಿನೊಂದಿಗೂ ಮುಚ್ಚಿದ ಜಾಗದಲ್ಲಿ ಒಬ್ಬರೇ ಇರಬಾರದು. ಈ ನಿಯಮ ಹುಡುಗರಿಗೂ ಅಷ್ಟೇ ಅನ್ವಯ. ಹುಡುಗಿಯರು ಬಂದಾಗ ಮಾತ್ರ ಸುರಕ್ಷತೆ ನೆನಪಾಗುವ ದಳದಲ್ಲಿ ಹುಡುಗರು ಅಷ್ಟು ವರ್ಷ ಸುರಕ್ಷಿತವಾಗಿದ್ದರು ಎಂದುಕೊಳ್ಳಲು ನನಗೆ ಆಧಾರ ಕಾಣುವುದಿಲ್ಲ. ನಿಮ್ಮ ಸಂಸ್ಥೆಯ ಲಿಖಿತ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ.

ಮುಟ್ಟಿನ ವಿಷಯ ಬಹಳ ಕಡೆ ಮರೆತೇ ಹೋಗಿರುತ್ತದೆ. ಹನ್ನೊಂದು ಹನ್ನೆರಡರ ಹುಡುಗಿಗೆ ಮೊದಲ ಮುಟ್ಟು ಕ್ಯಾಂಪಿನಲ್ಲೇ ಬರಬಹುದು. ಪ್ಯಾಡ್‌ಗಳು ಶೌಚಾಲಯದಲ್ಲೇ ಇರಲಿ, ಯಾರನ್ನೂ ಕೇಳಿ ಪಡೆಯುವಂತೆ ಆಗಬಾರದು. ಮುಚ್ಚಳವಿರುವ ಬುಟ್ಟಿ ಇರಲಿ. ಈಜಿನ ಕಾರ್ಯಕ್ರಮದಿಂದ ಕಾರಣ ಹೇಳದೆ ಹಿಂದೆ ಸರಿಯುವ ಹಕ್ಕು ಎಲ್ಲ ಮಕ್ಕಳಿಗೂ ಇರಲಿ. ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಮುಟ್ಟಿನ ಬಗ್ಗೆ ಹುಡುಗರಿಗೂ ಹತ್ತು ನಿಮಿಷ ಹೇಳಿ. ಮೂಗಿನಿಂದ ರಕ್ತ ಬಂದರೆ ಏನು ಮಾಡಬೇಕು ಎಂದು ಹೇಳುವಷ್ಟೇ ಸಹಜ ದನಿಯಲ್ಲಿ. ನಿಮ್ಮ ದನಿ ತಗ್ಗಿದರೆ ಅವರು ಕಿಸಕ್ಕೆನ್ನುತ್ತಾರೆ.

ಪ್ರೀತಿ ಪ್ರೇಮದ ಗೊಂದಲ 13-14ರಲ್ಲಿ ಶುರುವಾಗುತ್ತದೆ. ಅದು ಶಾಲೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಎಲ್ಲೆಡೆ ಆಗುವಂಥದ್ದೇ. ದಳದಲ್ಲಿ ಕನಿಷ್ಠ ಪಕ್ಷ ದೊಡ್ಡವರ ಕಣ್ಣು ಇರುತ್ತದೆ. ಜೋಡಿಯಾಗಿ ಕಾಣೆಯಾಗುವಂತಿಲ್ಲ ಎಂಬ ನಿಯಮ ಸಾಕು. ತಪ್ಪಾದರೆ ಇಬ್ಬರನ್ನೂ ಕರೆದು ಮಾತಾಡಿ. ಹುಡುಗಿಯ ಮನೆಗೆ ಮಾತ್ರ ಫೋನ್ ಹೋಗುವ ಪದ್ಧತಿ ನಿಮ್ಮಲ್ಲಿ ಬೆಳೆಯದಿರಲಿ.

ಹೆಂಗಸು ನಾಯಕಿಯನ್ನು ಹುಡುಕುತ್ತಿದ್ದೀರಿ ತಾನೇ? ಸಿಕ್ಕಿದವರನ್ನು ಅಡುಗೆ ಮೇಲ್ವಿಚಾರಣೆಗೆ ಹಾಕಬೇಡಿ. ಮಕ್ಕಳು ನಿಮ್ಮ ಭಾಷಣ ಕೇಳುವುದಿಲ್ಲ, ಕ್ಯಾಂಪಿನಲ್ಲಿ ಯಾವ ದೊಡ್ಡವರು ಏನು ಮಾಡುತ್ತಿದ್ದಾರೆ ಎಂದು ನೋಡುತ್ತಾರೆ. ಅವರು ಚಾರಣದ ಮುಂದೆ ನಕ್ಷೆ ಹಿಡಿದು ನಡೆಯಲಿ, ನೀವು ಪಾತ್ರೆ ತೊಳೆಯುವ ಸರದಿಗೆ ನಿಲ್ಲಿ. ಒಂದೇ ಕ್ಯಾಂಪಿನಲ್ಲಿ ಇದರ ಫಲ ಕಾಣುತ್ತದೆ.

'ಹುಡುಗರಿಗೆ ಅವರದ್ದೇ ಜಾಗ' ಎಂಬ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಅದರಲ್ಲಿ ಸತ್ವವಿದೆ. ಹುಡುಗಿಯರ ಎದುರು ಅಳಲು, ಹೆದರಿಕೆ ಹೇಳಿಕೊಳ್ಳಲು ನಾಚುವ ಹುಡುಗರಿದ್ದಾರೆ. ಹುಡುಗರ ಎದುರು ಬಾಯಿ ಬಿಡದ ಹುಡುಗಿಯರೂ ಇದ್ದಾರೆ. ಆದ್ದರಿಂದ ಮಿಶ್ರ ದಳದಲ್ಲೂ ತಿಂಗಳಿಗೊಮ್ಮೆ ಹುಡುಗರು ಬೇರೆ, ಹುಡುಗಿಯರು ಬೇರೆ ಕೂತು ಮಾತಾಡುವ ಅರ್ಧ ಗಂಟೆ ಇಡಿ. ಮೈ ಬದಲಾಗುವ ಬಗ್ಗೆ, ದಳದಲ್ಲಿ ಇಷ್ಟವಾಗದ್ದರ ಬಗ್ಗೆ. ಏಳು ಹುಡುಗಿಯರಲ್ಲಿ ಒಬ್ಬಳಿಗೆ ಹುಡುಗಿಯರದ್ದೇ ದಳ ಬೇಕೆನಿಸಿದರೆ ಹತ್ತಿರದ ಗೈಡ್ ದಳದ ವಿಳಾಸ ಕೊಟ್ಟು ಸಂತೋಷದಿಂದ ಕಳಿಸಿ. ಆ ದಳಗಳು ಉಳಿಯಬೇಕು ಎಂದು ಬಯಸುವವನು ನಾನು. ಮಿಶ್ರ ದಳ ಎಲ್ಲರಿಗೂ ಹೇರುವ ಮದ್ದಾಗಬಾರದು. ಆದರೆ ಅಮ್ಮ ಅಪ್ಪ ಬೇಡವೆಂದರು ಎಂಬ ಒಂದೇ ಕಾರಣಕ್ಕೆ ಮಗು ಹಿಂದೆ ಸರಿಯುತ್ತಿದ್ದರೆ ಒಮ್ಮೆ ಮನೆಗೆ ಹೋಗಿ ಮಾತಾಡಿ ನೋಡಿ.

ನಿಮ್ಮ 25 ಹುಡುಗರಲ್ಲಿ ಒಬ್ಬಿಬ್ಬರು ಬಿಟ್ಟುಹೋಗಬಹುದು, ತಯಾರಿರಿ. ಯಾಕೆ ಹೋದರು ಎಂದು ಕೇಳಿ ತಿಳಿದುಕೊಳ್ಳಿ. ಎಲ್ಲರೂ ಹುಡುಗಿಯರ ಕಾರಣಕ್ಕೇ ಹೋಗಿರುವುದಿಲ್ಲ. ಹದಿಮೂರು ದಾಟಿದವರು ಹೇಗೂ ಒಂದಿಷ್ಟು ಜನ ಬಿಡುತ್ತಾರೆ.

ಉಳಿದದ್ದು ಹಾಡು. ಅದನ್ನು ನೀವು ಮುಟ್ಟಬೇಡಿ. ಪ್ಯಾಟ್ರೋಲ್ ಲೀಡರ್‌ಗಳು ಕೂರುವ ಕೋರ್ಟ್ ಆಫ್ ಆನರ್ ನಿಮ್ಮಲ್ಲಿ ನಡೆಯುತ್ತಿದ್ದರೆ ವಿಷಯವನ್ನು ಅಲ್ಲಿಡಿ. ಆ ದಿನ ಹೊಸ ಹುಡುಗಿಯರಲ್ಲಿ ಇಬ್ಬರನ್ನು ಕರೆದು ಕೂರಿಸಿಕೊಳ್ಳಲು ಹೇಳಿ. ಆ ಸಾಲು ಇರಬೇಕೆಂದು ಹುಡುಗಿಯರೇ ಹೇಳಿದರೂ ಆಶ್ಚರ್ಯಪಡಬೇಡಿ, ನನ್ನ ದಳವೊಂದರಲ್ಲಿ ಹಾಗೇ ಆಯಿತು, ಜೋರಾಗಿ ಹಾಡಿದ್ದೂ ಅವರೇ. ಬದಲಿಸಲು ತೀರ್ಮಾನಿಸಿದರೆ ಹೊಸ ಸಾಲನ್ನು ಮಕ್ಕಳೇ ಬರೆಯಲಿ. ಪ್ರಾಸ ಕೆಟ್ಟಿದ್ದರೂ ತಿದ್ದಲು ಹೋಗಬೇಡಿ.